ಒಂದೇ ಕೈಗೆ ಎರಡು ತೋಳು: ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆಗೆ ಸಿದ್ಧಳಾದ ಹುಡುಗಿಯೊಬ್ಬಳ ಪ್ರಕರಣ

ಹಾಸನದಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಟೈಲರ್ ಅಂಗಡಿ ಇದೆ. ಅದನ್ನು ನಡೆಸುವಾಕೆಯ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಗ, ದಸರಾ ರಜೆಯ ಒಂದು ಬೆಳಿಗ್ಗೆ, ಪ್ರಶ್ನೆಪತ್ರಿಕೆಗಳ ಕಟ್ಟು ಹಿಡಿದು ನಮ್ಮ ಮನೆಗೆ ಬಂದಳು. ನಾನು ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆಂಟು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ಅವಳಿಗೆ ಆರ್ಕಿಟೆಕ್ಚರ್ ಓದಬೇಕು. ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಗಣಿತದಲ್ಲೂ ಹಿಂದೆ ಬಿದ್ದವಳಲ್ಲ. ಆದರೆ ಘನಾಕೃತಿಯೊಂದರ ಚಿತ್ರ ಕೊಟ್ಟು, ಇದನ್ನೇ ತಿರುಗಿಸಿದರೆ ಕೆಳಗಿನ ನಾಲ್ಕರಲ್ಲಿ ಯಾವುದಾಗುತ್ತದೆ ಎಂದು ಕೇಳಿದರೆ ಕೈಕಾಲು ಆಡುವುದಿಲ್ಲ.

"ಸರ್, ತರಬೇತಿ ಕೇಂದ್ರದಲ್ಲಿ ಇದು ಹುಟ್ಟಿನಿಂದಲೇ ಬರಬೇಕು ಎಂದು ಹೇಳಿದರು. ಆ ಪ್ರಶ್ನೆಗಳನ್ನು ಬಿಟ್ಟುಬಿಡು, ಉಳಿದದ್ದರಲ್ಲಿ ಅಂಕ ತೆಗೆದುಕೋ ಎಂದರು" ಎಂದಳು.

ಈ ಮಾತು ಕೇಳಿ ನನಗೆ ಸಿಟ್ಟು ಬಂತು. ಹದಿನೇಳು ವರ್ಷದ ಮಗುವಿನ ಎದುರು ಆಡುವ ಮಾತೇ ಅದು? ಮಾತು ಸುಳ್ಳೆನ್ನುವುದು ಒಂದು ಕಡೆ, ಲೆಕ್ಕಕ್ಕೂ ಅದು ಕೂಡಿಬರುವುದಿಲ್ಲ. ಬಿ.ಆರ್ಕ್. ಪ್ರವೇಶಕ್ಕೆ ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಆರ್ಕಿಟೆಕ್ಚರ್ ಕೌನ್ಸಿಲ್ 2006ರಿಂದ ನಡೆಸುತ್ತಿರುವ ನಾಟಾ ಎಂಬ ಪ್ರವೇಶ ಪರೀಕ್ಷೆ. ಇನ್ನೊಂದು, ಜೆಇಇ ಮೇನ್‌ನ ಎರಡನೆಯ ಪತ್ರಿಕೆ. ಜೆಇಇ ಪತ್ರಿಕೆಯ ಒಟ್ಟು 400 ಅಂಕಗಳಲ್ಲಿ ಗಣಿತಕ್ಕೆ 100, ಡ್ರಾಯಿಂಗ್‌ಗೆ 100, ಉಳಿದ 200 ಅಂಕ ಆ್ಯಪ್ಟಿಟ್ಯೂಡ್ ಪರೀಕ್ಷೆಯ 50 ಪ್ರಶ್ನೆಗಳಿಗೆ. ಆಕಾರ ತಿರುಗಿಸುವುದು, ಮಡಿಸುವುದು, ಕತ್ತರಿಸುವುದು, ಬೇರೆ ಬೇರೆ ದಿಕ್ಕಿನಿಂದ ನೋಡುವುದು ಎಲ್ಲ ಬರುವುದು ಅಲ್ಲಿಯೇ. ನಾಟಾದಲ್ಲಿ ಕಂಪ್ಯೂಟರ್ ಭಾಗದ ಜೊತೆಗೆ ಕಾಗದದ ಮೇಲೆ ಬರೆಯುವ ಭಾಗವೂ ಇದೆ, ಅದರಲ್ಲಿ ಕೊಟ್ಟ ಸಾಮಗ್ರಿಯಿಂದ ಕೈಯಾರೆ ಒಂದು ಘನರಚನೆ ಕಟ್ಟಬೇಕು. ಕರ್ನಾಟಕದ ಸೀಟು ಹಂಚಿಕೆಯಲ್ಲಿ ನಾಟಾ ಅಂಕಕ್ಕೆ ಅರ್ಧ ತೂಕ, ಪಿಯುಸಿ ಅಂಕಕ್ಕೆ ಇನ್ನರ್ಧ. ಇಂಥ ಪರೀಕ್ಷೆಯಲ್ಲಿ ಆಕಾರದ ಪ್ರಶ್ನೆಗಳನ್ನು ಬಿಟ್ಟು ಅಂಕ ತೆಗೆ ಎನ್ನುವುದು, ಅಕ್ಕಿ ಬಿಟ್ಟು ಅಡುಗೆ ಮಾಡು ಎಂದ ಹಾಗೆ.

ಮೊದಲ ದಿನ ಪಾಠ ಮಾಡಲಿಲ್ಲ. ನಾಲ್ಕು ಬಗೆಯ ಹತ್ತು ಹತ್ತು ಪ್ರಶ್ನೆಗಳನ್ನು ಆರಿಸಿ ಕೊಟ್ಟೆ: ಆಕಾರ ತಿರುಗಿಸುವುದು, ಬಿಡಿಸಿದ ಹಾಳೆಯನ್ನು ಪೆಟ್ಟಿಗೆಯಾಗಿ ಮಡಿಸುವುದು, ಎದುರು, ಮೇಲಿನ ಮತ್ತು ಪಕ್ಕದ ನೋಟ ಗುರುತಿಸುವುದು, ಘನಾಕೃತಿಯನ್ನು ಕತ್ತರಿಸಿದಾಗ ಕಾಣುವ ಮುಖ ಮತ್ತು ಮಡಿಸಿದ ಕಾಗದದ ರಂಧ್ರಗಳು. ನಲವತ್ತು ಪ್ರಶ್ನೆಗೆ 58 ನಿಮಿಷ ತೆಗೆದುಕೊಂಡಳು. ತಿರುಗಿಸುವುದರಲ್ಲಿ ಹತ್ತಕ್ಕೆ ಮೂರು, ಮಡಿಸುವುದರಲ್ಲಿ ನಾಲ್ಕು, ನೋಟಗಳಲ್ಲಿ ಏಳು, ಕೊನೆಯದರಲ್ಲಿ ಐದು. ಒಟ್ಟು ಹತ್ತೊಂಬತ್ತು.

ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೆ ನಿಲ್ಲುತ್ತಾರೆ. ಅಂಕ ಕಡಿಮೆ, ಆದ್ದರಿಂದ ಇನ್ನೂ ನೂರು ಪ್ರಶ್ನೆ ಮಾಡು ಎನ್ನುತ್ತಾರೆ. ನಾನು ಸರಿಯುತ್ತರಗಳನ್ನು ಪಕ್ಕಕ್ಕಿಟ್ಟು, ತಪ್ಪಾದ ಇಪ್ಪತ್ತೊಂದನ್ನು ಮಾತ್ರ ಆ ರಾತ್ರಿ ಕೂತು ಒಂದೊಂದಾಗಿ ನೋಡಿದೆ. ಅವಳು ಆರಿಸಿದ ತಪ್ಪು ಉತ್ತರ ಯಾವುದು, ಅದು ಸರಿಯುತ್ತರಕ್ಕಿಂತ ಹೇಗೆ ಬೇರೆ ಎಂದು ಬರೆದಿಟ್ಟುಕೊಂಡೆ. ಹತ್ತು ಪ್ರಶ್ನೆಗಳಲ್ಲಿ ಅವಳು ಆರಿಸಿದ್ದು ಸರಿಯಾದ ಆಕಾರದ ಕನ್ನಡಿ ಬಿಂಬವನ್ನು. ತಿರುಗಿಸುವ ಪ್ರಶ್ನೆಗಳಲ್ಲಿ ಏಳು ತಪ್ಪಿಗೆ ಆರು, ಮಡಿಸುವುದರಲ್ಲಿ ಆರಕ್ಕೆ ನಾಲ್ಕು. ಅಂದರೆ ಈ ಹುಡುಗಿಗೆ ಆಕಾರ ಕಾಣುತ್ತಿಲ್ಲ ಎನ್ನುವುದೇ ತಪ್ಪು. ಆಕಾರ ಅವಳಿಗೆ ಕಾಣುತ್ತಿತ್ತು. ಎಡ ಯಾವುದು, ಬಲ ಯಾವುದು ಎಂಬುದೊಂದೇ ನಡುದಾರಿಯಲ್ಲಿ ಕೈಜಾರುತ್ತಿತ್ತು.

ಯಾಕೆ ಜಾರುತ್ತದೆ? ಮರುದಿನ ಒಂದು ಪ್ರಶ್ನೆಯನ್ನು ಮುಂದಿಟ್ಟು, ಮನಸ್ಸಿನಲ್ಲಿ ಏನು ಮಾಡುತ್ತೀಯೋ ಅದನ್ನು ಬಾಯಿಬಿಟ್ಟು ಹೇಳು ಎಂದೆ. ಅವಳು ಇಡೀ ಆಕಾರವನ್ನು ಒಂದೇ ಸಲಕ್ಕೆ ಎತ್ತಿ ತಿರುಗಿಸಲು ಹೋಗುತ್ತಿದ್ದಳು. ಅರ್ಧ ತಿರುಗುವ ಹೊತ್ತಿಗೆ ಹಿಂದಿನ ಭಾಗ ಮಸುಕಾಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಮೂರನೆಯ ಸಲಕ್ಕೆ ಸುಸ್ತಾಗಿ, "ಹೆಚ್ಚುಕಡಿಮೆ ಹೀಗೇ ಇದೆ" ಎನ್ನಿಸಿದ್ದಕ್ಕೆ ಗುರುತು ಹಾಕುತ್ತಿದ್ದಳು. ಹೆಚ್ಚುಕಡಿಮೆ ಹಾಗೇ ಇರುವುದೆಂದರೆ ಕನ್ನಡಿ ಬಿಂಬವಲ್ಲದೆ ಇನ್ನೇನು!

ಮನಸ್ಸಿನಲ್ಲಿ ತಿರುಗಿಸುವುದಕ್ಕೆ ನಿಜವಾಗಿಯೂ ಹೊತ್ತು ಹಿಡಿಯುತ್ತದೆ. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜ್ಯಾಕ್ವೆಲಿನ್ ಮೆಟ್ಸ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಹತ್ತು ಘನಗಳನ್ನು ಜೋಡಿಸಿದ ಆಕೃತಿಗಳ ಎರಡೆರಡು ಚಿತ್ರ ತೋರಿಸಿ, ಎರಡೂ ಒಂದೇ ಆಕೃತಿಯೋ ಅಥವಾ ಕನ್ನಡಿ ಬಿಂಬವೋ ಎಂದು ಕೇಳಿದರು. ಎರಡರ ನಡುವಿನ ಕೋನ ಹೆಚ್ಚಿದಂತೆಲ್ಲ ಉತ್ತರಕ್ಕೆ ಹಿಡಿಯುವ ಸಮಯವೂ ಸರಳರೇಖೆಯಂತೆ ಏರುತ್ತಾ ಹೋಯಿತು. ಕೋನವೇ ಇಲ್ಲದಾಗ ಸುಮಾರು ಒಂದು ಸೆಕೆಂಡು, 180 ಡಿಗ್ರಿಗೆ ನಾಲ್ಕೈದು ಸೆಕೆಂಡು. ಕೈಯಲ್ಲಿ ಹಿಡಿದ ವಸ್ತುವನ್ನು ತಿರುಗಿಸಿದ ಹಾಗೆಯೇ ಮನಸ್ಸೂ ಅದನ್ನು ಹಂತ ಹಂತವಾಗಿ ತಿರುಗಿಸುತ್ತದೆ ಎಂದಾಯಿತು. ಹಾಗಿದ್ದರೆ ಕೈಗೆ ಪಾಠ ಹೇಳಿದಂತೆ ಮನಸ್ಸಿಗೂ ಹೇಳಬಹುದು.

ಹುಟ್ಟಿನಿಂದ ಬರಬೇಕು ಎಂಬ ಮಾತಿಗೂ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಅಮೆರಿಕದ ಮಿಶಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸೋರ್ಬಿ 1990ರ ದಶಕದಿಂದ ಎಂಜಿನಿಯರಿಂಗ್ ಸೇರಿದ ಹೊಸ ವಿದ್ಯಾರ್ಥಿಗಳಿಗೆ ತಿರುಗಿಸುವ ಪರೀಕ್ಷೆ ಕೊಟ್ಟು, ಹಿಂದೆ ಬಿದ್ದವರಿಗೆ ಪ್ರತ್ಯೇಕ ತರಗತಿ ನಡೆಸಿದರು. ಘನಗಳನ್ನು ಕೈಯಲ್ಲಿ ಹಿಡಿಯುವುದು, ಪೆನ್ಸಿಲಿನಿಂದ ಗೆರೆ ಹಾಕುವುದು ಆ ತರಗತಿಯ ಜೀವಾಳ. ಹಾಗೆ ಹಿಂದೆ ಬೀಳುವ ಪ್ರಮಾಣ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚಿತ್ತು, ತರಗತಿಯಿಂದ ಮೇಲೆದ್ದವರಲ್ಲೂ ಅವರಿದ್ದರು. 2013ರಲ್ಲಿ ಇಂಥ 217 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಅಭ್ಯಾಸದಿಂದ ಈ ಶಕ್ತಿ ಬೆಳೆಯುತ್ತದೆ, ಬೆಳೆದದ್ದು ಉಳಿಯುತ್ತದೆ ಎಂದೇ ಕಂಡುಬಂತು. ಇದನ್ನೆಲ್ಲ ಅವಳಿಗೆ ಹೇಳಿದೆ. ಧೈರ್ಯ ತುಂಬಲು ಮಾತ್ರವಲ್ಲ. ತನ್ನ ಮೇಲೆ ಯಾರೋ ಹೊರಿಸಿದ್ದ ಮಾತು ನಿಜವಲ್ಲ ಎಂದು ತಿಳಿಯುವುದು ಅವಳ ಹಕ್ಕಾಗಿತ್ತು.

ಇನ್ನು ಮೊಬೈಲ್ ವಿಚಾರ. ಅವಳು ಮೂರು ತಿಂಗಳಿಂದ ಒಂದು ಆ್ಯಪ್ ಬಳಸುತ್ತಿದ್ದಳು. ಉತ್ತರ ಗೊತ್ತಾಗದಿದ್ದರೆ ಆಕಾರವನ್ನು ಬೆರಳಿನಿಂದ ತಿರುಗಿಸಿ ನೋಡಬಹುದು. "ನೋಡಿದಾಗ ಎಲ್ಲ ಅರ್ಥವಾಗುತ್ತದೆ ಸರ್, ಮುಂದಿನ ಪ್ರಶ್ನೆಗೆ ಹೋದರೆ ಮತ್ತೆ ಅದೇ ಕಥೆ" ಎಂದಳು. ಆಗದೇ ಏನು? ತಿರುಗಿಸುವ ಕೆಲಸವನ್ನು ಮೊಬೈಲ್ ಮಾಡಿದೆ, ಅವಳು ನೋಡಿದ್ದಾಳೆ, ಅಷ್ಟೇ. ಪಕ್ಕದಲ್ಲಿ ನಿಂತು ಬೇರೆಯವರು ಈಜುವುದನ್ನು ಎಷ್ಟು ದಿನ ನೋಡಿದರೂ ನೀರಿಗಿಳಿದಾಗ ಕೈಕಾಲು ಆಡುವುದಿಲ್ಲ. ಆ್ಯಪ್ ತೆಗೆಸಲಿಲ್ಲ, ಒಂದು ಕಟ್ಟಳೆ ಮಾತ್ರ ಹಾಕಿದೆ: ಮೊದಲು ಉತ್ತರವನ್ನು ಪೆನ್ಸಿಲಿನಲ್ಲಿ ಬರೆ, ಆಮೇಲೆ ತಿರುಗಿಸಿ ನೋಡು. ತಪ್ಪಾಗಿದ್ದರೂ ಸರಿ, ಬರೆಯದೆ ನೋಡಬಾರದು.

ಮರಗೆಲಸದವರಲ್ಲಿ ಹೇಳಿ ಒಂದಿಂಚಿನ ಅರವತ್ತು ಮರದ ಘನಗಳನ್ನು ಕತ್ತರಿಸಿ ತರಿಸಿದೆ. ಬಡಗಿಗೆ ಕೊಟ್ಟದ್ದು ಇನ್ನೂರು ರೂಪಾಯಿ. ಫೆವಿಕಾಲ್ ಹಚ್ಚಿ ಐದು, ಆರು, ಏಳು ಘನಗಳ ಆಕೃತಿಗಳನ್ನು ಮಾಡಿದೆವು. ದಿನಕ್ಕೆ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಪಿಯುಸಿ ಓದು ಕೆಡಬಾರದಲ್ಲ. ಆಕೃತಿಯನ್ನು ಟವೆಲ್ ಕೆಳಗಿಟ್ಟು, ಕಣ್ಣಿಗೆ ಕಾಣದಂತೆ ಕೈಯಿಂದ ಮಾತ್ರ ಮುಟ್ಟಿ ನೋಡಿ, ಚುಕ್ಕಿ ಹಾಳೆಯ ಮೇಲೆ ಬರೆಯಬೇಕು. ಮೊದಲ ವಾರ ಅವಳ ಚಿತ್ರಗಳು ಎಲ್ಲೆಲ್ಲೋ ಹೋದವು. ಎರಡನೆಯ ವಾರಕ್ಕೆ ಬೆರಳು ತಾನಾಗಿಯೇ ಒಂದು ಕ್ರಮ ಹಿಡಿಯಿತು: ಮೊದಲು ಉದ್ದದ ದಂಡವನ್ನು ಹುಡುಕುವುದು, ಅದರ ತುದಿಗೆ ಹೋಗುವುದು, ಅಲ್ಲಿಂದ ಎತ್ತ ತಿರುಗುತ್ತದೆ ಎಂದು ನೋಡುವುದು. ಇಡೀ ಆಕಾರವನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುವ ಚಟ ಅಲ್ಲಿಂದ ಬಿಡತೊಡಗಿತು. ಯಾಕೆಂದರೆ ಬೆರಳಿಗೆ ಒಂದು ಸಲಕ್ಕೆ ಒಂದು ಅಂಚು ಮಾತ್ರ ಸಿಗುತ್ತದೆ.

ಎಡಬಲದ ಗೊಂದಲ ಮಾತ್ರ ಹಾಗೆಯೇ ಉಳಿದಿತ್ತು. ಒಂದು ಆಕೃತಿ ಮತ್ತು ಅದರ ಕನ್ನಡಿ ಜೋಡಿಯನ್ನು ಅಂಟಿಸಿ ಎದುರಿಗಿಟ್ಟು, ಇವೆರಡೂ ಬೇರೆ ಬೇರೆ ಎಂದು ಎಷ್ಟು ವಿವರಿಸಿದರೂ ಅವಳ ಮುಖದ ಮೇಲೆ ಒಂದು ಅನುಮಾನದ ಗೆರೆ. "ಇನ್ನೂ ಸ್ವಲ್ಪ ತಿರುಗಿಸಿದರೆ ಕೂರಬಹುದೇನೋ ಸರ್" ಎನ್ನುತ್ತಿದ್ದಳು.

ಉತ್ತರ ಸಿಕ್ಕಿದ್ದು ಅವರ ಅಂಗಡಿಯಲ್ಲಿ. ನನ್ನ ಒಂದು ಅಂಗಿಯ ಕಾಲರ್ ತಿರುವಿಸಲು ಕೊಡುವುದಿತ್ತು, ಸಂಜೆ ಹೋದೆ. ಅವಳ ತಾಯಿ ರವಿಕೆಯ ತೋಳುಗಳನ್ನು ಕತ್ತರಿಸುತ್ತಿದ್ದರು. ಬಟ್ಟೆಯನ್ನು ನಾಲ್ಕು ಮಡಿಕೆ ಹಾಕಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಾಲ್ಕೂ ಪದರವನ್ನು ಒಟ್ಟಿಗೆ ಕತ್ತರಿಸಿದರು. ಆಮೇಲೆ ಎರಡು ತೋಳುಗಳನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಒಂದು ಬದಿಯ ಕಂಕುಳ ತಿರುವನ್ನು ಇನ್ನೊಂದರ್ಧ ಇಂಚು ಒಳಕ್ಕೆ ಕತ್ತರಿಸಿದರು. ಅದು ಮುಂಭಾಗ. ಬೆನ್ನಿನ ಕಡೆಗಿಂತ ಎದೆಯ ಕಡೆ ಕಂಕುಳ ತಿರುವು ಯಾವಾಗಲೂ ಸ್ವಲ್ಪ ಆಳವಾಗಿರಬೇಕು, ಇಲ್ಲದಿದ್ದರೆ ಬಟ್ಟೆ ಮುದುರುತ್ತದೆ.

"ಮೇಷ್ಟ್ರೇ, ಈ ಎರಡನ್ನೂ ಹೀಗೆ ಸೀದಾ ಮೈಗೆ ಸೀದಾ ಮೈ ಎದುರಾಗುವ ಹಾಗೆ ಇಟ್ಟೇ ಕತ್ತರಿಸಬೇಕು" ಎಂದರು. "ಕಲಿಯಲು ಬರುವ ಹುಡುಗಿಯರು ಎರಡನ್ನೂ ಒಂದೇ ಮುಖವಾಗಿ ಇಟ್ಟು ಕತ್ತರಿಸಿಬಿಡುತ್ತಾರೆ. ಆಗ ಒಂದೇ ಕೈಗೆ ಎರಡು ತೋಳು ಬರುತ್ತದೆ. ಬಲಗೈಗೂ ಅದೇ, ಎಡಗೈಗೂ ಅದೇ. ಎಷ್ಟು ತಿರುಗಿಸಿದರೂ ಎಡಗೈಗೆ ಕೂರುವುದಿಲ್ಲ. ಇವಳೂ ಹತ್ತನೆಯ ತರಗತಿಯ ರಜೆಯಲ್ಲಿ ಒಂದು ರವಿಕೆ ಹಾಗೆ ಕೆಡಿಸಿದ್ದಾಳೆ, ಕೇಳಿ ನೋಡಿ."

ಹುಡುಗಿ ಹೊಲಿಗೆ ಯಂತ್ರದ ಪಕ್ಕದಲ್ಲಿ ಕಾಜ ಕಟ್ಟುತ್ತಾ ಕೂತಿದ್ದಳು. ಸೂಜಿ ಅಲ್ಲೇ ನಿಂತಿತು. ಎದ್ದು ಬಂದು ಮೇಜಿನ ಮೇಲಿದ್ದ ತೋಳಿನ ತುಂಡುಗಳನ್ನು ಕೈಗೆತ್ತಿಕೊಂಡಳು. ಒಂದನ್ನು ಮೇಜಿನ ಮೇಲೆ ಹಾಗೇ ಸುತ್ತ ತಿರುಗಿಸಿದಳು, ಇನ್ನೊಂದರ ಮೇಲೆ ಕೂರಲಿಲ್ಲ. ಮಗುಚಿ ಹಾಕಿದಳು, ಕೂತಿತು. ಆದರೆ ಬಟ್ಟೆಯ ಉಲ್ಟಾ ಮೈ ಮೇಲೆ ಬಂದಿತ್ತು.

"ಎರಡೂ ಮೈ ಒಂದೇ ಇರುವ ಬಟ್ಟೆಯಾದರೆ ಮಗುಚಿ ಹಾಕಿ ಹೊಲಿದುಬಿಡಬಹುದು" ಎಂದರು ತಾಯಿ. "ಅಂಚು, ಹೂವು ಇದ್ದರೆ ಆಗುವುದಿಲ್ಲ."

ಅವಳು ನನ್ನ ಕಡೆ ತಿರುಗಿ, "ಸರ್, ಮರದ ಆಕೃತಿಯನ್ನು ಮಗುಚಿದರೂ ಅದು ತಿರುಗಿಸಿದ ಹಾಗೆಯೇ ಅಲ್ಲವೇ? ಅದಕ್ಕೆ ಉಲ್ಟಾ ಮೈಯೇ ಇಲ್ಲ" ಎಂದಳು.

ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ನಿಂತರೂ ಇದನ್ನು ಇಷ್ಟು ಸ್ವಚ್ಛವಾಗಿ ಹೇಳಲು ನನಗೆ ಬಂದಿರಲಿಲ್ಲ. ಚಪ್ಪಟೆ ತುಂಡನ್ನು ಮೇಜಿನಿಂದ ಎತ್ತಿ ಮಗುಚಿದರೆ ಅದು ತನ್ನ ಕನ್ನಡಿ ಬಿಂಬವಾಗುತ್ತದೆ. ಘನಾಕೃತಿಯನ್ನು ಹಾಗೆ ಮಗುಚಲು ಜಾಗವೇ ಇಲ್ಲ. ನಮ್ಮ ಮೂರು ಆಯಾಮದೊಳಗೆ ಎತ್ತ ಹೊರಳಿಸಿದರೂ ಬಲದ್ದು ಬಲದ್ದೇ, ಎಡದ್ದು ಎಡದ್ದೇ. ಇನ್ನೂ ಸ್ವಲ್ಪ ತಿರುಗಿಸಿದರೆ ಕೂರಬಹುದೇನೋ ಎಂಬ ಅವಳ ಅನುಮಾನ ಬಂದದ್ದು ಇಲ್ಲಿಂದಲೇ. ಕಾಗದದ ಮೇಲಿನ ಚಿತ್ರವನ್ನು ಅವಳ ಮನಸ್ಸು ಬಟ್ಟೆಯ ತುಂಡಿನಂತೆ ಮಗುಚುತ್ತಿತ್ತು.

ಆವತ್ತಿನಿಂದ ನಮ್ಮ ಪಾಠದಲ್ಲಿ "ತೋಳು" ಎನ್ನುವುದು ಪಾರಿಭಾಷಿಕ ಪದವಾಯಿತು. ಯಾವ ಆಕೃತಿ ಬಂದರೂ ಮೊದಲು ಅದರ ಉದ್ದದ ದಂಡ ಹಿಡಿಯುವುದು. ಒಂದು ತುದಿಯ ಬಾಗು ಮೇಲಕ್ಕಿರುವಂತೆ ಮನಸ್ಸಿನಲ್ಲೇ ನಿಲ್ಲಿಸುವುದು. ಆ ತುದಿಯಿಂದ ದಂಡದ ಉದ್ದಕ್ಕೂ ನೋಡಿದರೆ ಇನ್ನೊಂದು ತುದಿಯ ಬಾಗು ಬಲಕ್ಕೋ, ಎಡಕ್ಕೋ? ಬಲಕ್ಕಾದರೆ ಬಲತೋಳು. ನಾಲ್ಕು ಆಯ್ಕೆಗಳಿಗೂ ಅದೇ ಪ್ರಶ್ನೆ. ಹೊಂದದ ತೋಳುಗಳು ಅಲ್ಲಿಗೇ ಬಿದ್ದುಹೋಗುತ್ತವೆ. ಉಳಿದದ್ದನ್ನು ಮಾತ್ರ ತಿರುಗಿಸಿ ನೋಡಿದರೆ ಸಾಕು. ಅವಳ ತಪ್ಪುಗಳ ಪುಸ್ತಕದಲ್ಲಿ "ಕನ್ನಡಿ" ಎಂಬ ಕಾರಣ ನವೆಂಬರ್‌ನಲ್ಲಿ ವಾರಕ್ಕೆ ಹತ್ತೋ ಹನ್ನೆರಡೋ ಸಲ ಬರುತ್ತಿತ್ತು. ಡಿಸೆಂಬರ್ ಕೊನೆಗೆ ಎರಡು.

ಈ ಪುಸ್ತಕದ ಬಗ್ಗೆ ಒಂದು ಮಾತು. ತಪ್ಪಾದ ಪ್ರತಿ ಪ್ರಶ್ನೆಗೆ ಒಂದೇ ಒಂದು ಸಾಲು ಬರೆಯಬೇಕು: ಯಾಕೆ ತಪ್ಪಾಯಿತು. "ಗೊತ್ತಾಗಲಿಲ್ಲ" ಎಂದು ಬರೆಯುವಂತಿಲ್ಲ. ಕನ್ನಡಿ, ಮರೆಯಾದ ಅಂಚು, ಅವಸರ, ಪ್ರಶ್ನೆ ಓದಲಿಲ್ಲ, ಹೀಗೆ. ನೂರು ಹೊಸ ಪ್ರಶ್ನೆಗಳಿಗಿಂತ ಈ ಇಪ್ಪತ್ತು ಪುಟಗಳು ಅವಳಿಗೆ ಹೆಚ್ಚು ಕಲಿಸಿದವು ಎಂದು ನಾನು ನಂಬುತ್ತೇನೆ.

ಪೆಟ್ಟಿಗೆ ಮಡಿಸುವ ಪ್ರಶ್ನೆಗಳು ಅದೇ ತೋಳಿನ ದಾರಿಯಲ್ಲಿ ಬಂದವು. ಘನವೊಂದನ್ನು ಬಿಡಿಸಿ ಹರಡುವ ಬಗೆಗಳು ಒಟ್ಟು ಹನ್ನೊಂದೇ. ಹನ್ನೊಂದನ್ನೂ ಹಳೆಯ ಮದುವೆ ಕರೆಯೋಲೆಗಳ ರಟ್ಟಿನಲ್ಲಿ ಕತ್ತರಿಸಿ ಮಡಿಸಿದಳು. ಒಂದೇ ಸಾಲಿನಲ್ಲಿ ಒಂದು ಬಿಟ್ಟು ಒಂದು ಇರುವ ಮುಖಗಳು ಎದುರುಬದುರಾಗುತ್ತವೆ ಎಂಬುದು ಎಲ್ಲ ಪುಸ್ತಕದಲ್ಲೂ ಇದೆ, ಅವಳಿಗೂ ಗೊತ್ತಿತ್ತು. ಅದರಿಂದ ಎರಡು ಆಯ್ಕೆ ಬೀಳುತ್ತದೆ, ಕೊನೆಗೆ ಎರಡು ಉಳಿಯುತ್ತದೆ, ಆ ಎರಡು ಒಂದಕ್ಕೊಂದು ಕನ್ನಡಿ. ಅಲ್ಲಿ ಮೂಲೆಯನ್ನು ನೋಡಬೇಕು. ಒಂದು ಮೂಲೆಗೆ ಸೇರುವ ಮೂರು ಮುಖಗಳ ಗುರುತುಗಳು ಗಡಿಯಾರದ ದಿಕ್ಕಿನಲ್ಲಿ ಯಾವ ಕ್ರಮದಲ್ಲಿವೆ? ಹಾಳೆಯಲ್ಲಿ ಇರುವ ಕ್ರಮವೇ ಪೆಟ್ಟಿಗೆಯಲ್ಲೂ ಇರಬೇಕು. ರಟ್ಟನ್ನು ಚಿತ್ರ ಒಳಗಾಗುವಂತೆ ಮಡಿಸಿ ನೋಡಿದಾಗ ಕ್ರಮ ತಿರುವುಮುರುವಾಗಿತ್ತು. "ಉಲ್ಟಾ ಮೈ ಹೊರಗೆ ಹಾಕಿ ಹೊಲಿದ ಹಾಗಾಯಿತು" ಎಂದು ಅವಳೇ ಹೇಳಿದಳು. ಮಡಿಸಿದ ಕಾಗದದ ರಂಧ್ರಗಳಿಗೂ ಅಂಗಡಿಯೇ ಪಾಠಶಾಲೆ. ನಾಲ್ಕು ಮಡಿಕೆಯ ಮೇಲೆ ಒಂದು ಕಚ್ಚು ಹಾಕಿದರೆ ಬಿಡಿಸಿದಾಗ ನಾಲ್ಕು, ಪ್ರತಿ ಮಡಿಕೆಯ ಗೆರೆಯೂ ಒಂದು ಕನ್ನಡಿ. ಹಿಂದಿನಿಂದ ಮುಂದಕ್ಕೆ, ಕೊನೆಯ ಮಡಿಕೆಯನ್ನು ಮೊದಲು ಬಿಡಿಸುತ್ತಾ ಬರುವುದನ್ನು ಎರಡೇ ದಿನದಲ್ಲಿ ಹಿಡಿದಳು.

ಜನವರಿ ಹೊತ್ತಿಗೆ ಒಂದು ಎಡವಟ್ಟಾಯಿತು, ಅದು ನನ್ನದೇ. ನೋಟಗಳ ಪ್ರಶ್ನೆಗಳಲ್ಲಿ ಹತ್ತಕ್ಕೆ ಏಳು ಇದ್ದದ್ದು ಇದ್ದಕ್ಕಿದ್ದಂತೆ ನಾಲ್ಕಕ್ಕೆ ಇಳಿಯಿತು. ಪಾಲಿಟೆಕ್ನಿಕ್ ಅಭ್ಯಾಸದಂತೆ ನಾನು ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಫಸ್ಟ್ ಆ್ಯಂಗಲ್ ಕ್ರಮ ಕಲಿಸಿದ್ದೆ. ನಮ್ಮ ದೇಶದ ಡ್ರಾಯಿಂಗ್ ಪಾಠಗಳಲ್ಲಿ ಅದೇ ರೂಢಿ: ಎದುರು ನೋಟದ ಕೆಳಗೆ ಮೇಲಿನ ನೋಟ, ಬಲಗಡೆಯಿಂದ ನೋಡಿದ್ದು ಎಡಕ್ಕೆ. ಅವಳು ಇದೇ ವಾರಗಳಲ್ಲಿ ಅಭ್ಯಾಸಕ್ಕೆಂದು ಅಮೆರಿಕದ ದಂತವೈದ್ಯ ಕಾಲೇಜುಗಳ ಪ್ರವೇಶ ಪರೀಕ್ಷೆಯ ಪ್ರಶ್ನೆಗಳನ್ನು ಇಳಿಸಿಕೊಂಡು ಮಾಡುತ್ತಿದ್ದಳು. ಆ ಪರೀಕ್ಷೆಯ ಒಂದು ಭಾಗದಲ್ಲಿ 60 ನಿಮಿಷಕ್ಕೆ 90 ಪ್ರಶ್ನೆ, ಎಲ್ಲವೂ ಆಕಾರದ್ದೇ. ಒಳ್ಳೆಯ ವ್ಯಾಯಾಮ, ಅವಳು ಹುಡುಕಿಕೊಂಡದ್ದೂ ಮೆಚ್ಚುವಂಥದ್ದೇ. ಆದರೆ ಅಲ್ಲಿ ಥರ್ಡ್ ಆ್ಯಂಗಲ್: ಮೇಲಿನ ನೋಟ ಎದುರು ನೋಟದ ಮೇಲೆ, ಬಲಗಡೆಯದು ಬಲಕ್ಕೇ. ಎರಡೂ ಕ್ರಮ ತಲೆಯಲ್ಲಿ ಕಲಸಿ, ಕಷ್ಟಪಟ್ಟು ಬಿಡಿಸಿದ್ದ ಎಡಬಲದ ಗಂಟು ಮತ್ತೆ ಬಿಗಿಯಾಯಿತು. ಏನು ಅಭ್ಯಾಸ ಮಾಡುತ್ತಿದ್ದೀಯೆ ಎಂದು ನಾನು ಮೊದಲೇ ಕೇಳಬೇಕಿತ್ತು. ಅವಳು ಬರೆಯಬೇಕಾದ ಪರೀಕ್ಷೆಗಳ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಬಾಣದ ಗುರುತು ಹಾಕಿ, ಈ ದಿಕ್ಕಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಒಂದೇ ನೋಟ ಕೇಳುತ್ತಾರೆ. ಹಾಗಾಗಿ ಎರಡೂ ಕ್ರಮಗಳನ್ನು ಬದಿಗಿಟ್ಟು, ಬಾಣ ಎಲ್ಲಿದೆಯೋ ಅಲ್ಲಿ ನೀನೇ ಹೋಗಿ ನಿಲ್ಲು ಎಂದೆ. ನಿಜವಾಗಿಯೂ ಎದ್ದು, ಮೇಜಿನ ಸುತ್ತ ನಡೆದು, ಬಗ್ಗಿ ನೋಡುತ್ತಿದ್ದಳು. ಹದಿನೈದು ದಿನ ವ್ಯರ್ಥವಾಯಿತು. ಆ ತಿಂಗಳ ಜೆಇಇ ಪತ್ರಿಕೆಯನ್ನೂ ಈ ಗೊಂದಲದಲ್ಲೇ ಬರೆದು ಬಂದಳು.

ಒಂದು ಭಾನುವಾರ ಅವಳನ್ನೂ ತಾಯಿಯನ್ನೂ ಹಳೇಬೀಡಿಗೆ ಕರೆದುಕೊಂಡು ಹೋದೆ. ಹಾಸನದಲ್ಲಿದ್ದು ಆಕಾರ ಕಲಿಯುವವರು ಹೊಯ್ಸಳೇಶ್ವರನನ್ನು ನೋಡದೆ ಇರುವುದೇ? ಶಿಲ್ಪಗಳನ್ನು ಇನ್ನೊಂದು ದಿನ ನೋಡು, ಇವತ್ತು ಗೋಡೆ ಎಲ್ಲೆಲ್ಲಿ ತಿರುಗುತ್ತದೆ ಎಂದಷ್ಟೇ ನೋಡು ಎಂದೆ. ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂದರೆ ಜಗತಿಯ, ಮೇಲೆ ಸುತ್ತು ಬರುತ್ತಾ ಗರ್ಭಗುಡಿಯ ಹೊರಗೋಡೆಯ ಮೂಲೆಗಳನ್ನು ಎಣಿಸಿ, ಅದರ ತಳವಿನ್ಯಾಸವನ್ನು ನಿಂತಲ್ಲೇ ಬರೆದಳು. ಮನೆಗೆ ಬಂದ ಮೇಲೆ ರಟ್ಟಿನ ಚೌಕವೊಂದರ ನಡುವೆ ಗುಂಡುಸೂಜಿ ಚುಚ್ಚಿ, ಇಪ್ಪತ್ತೆರಡೂವರೆ ಡಿಗ್ರಿಯಂತೆ ಮೂರು ಸಲ ತಿರುಗಿಸಿ ಪ್ರತಿ ಸಲ ಅಂಚಿನ ಗೆರೆ ಹಾಕಿಸಿದೆ. ಹದಿನಾರು ಮೂಲೆಯ ನಕ್ಷತ್ರ ಎದ್ದು ಬಂತು. ಹಳೇಬೀಡಿನ ಆ ಗುಡಿಗೆ ಇವತ್ತು ಶಿಖರವಿಲ್ಲ. ನಕ್ಷತ್ರವನ್ನೇ ಮೇಲಕ್ಕೆ ಹಂತ ಹಂತವಾಗಿ ಕಿರಿದಾಗಿಸುತ್ತಾ ಹೋದರೆ ಶಿಖರ ಹೇಗಿದ್ದೀತು, ಬರೆ ಎಂದೆ. ಮೂರು ಸಂಜೆ ಕೂತು ಬರೆದಳು. ಪರೀಕ್ಷೆಗೂ ಇದಕ್ಕೂ ನೇರ ಸಂಬಂಧವಿಲ್ಲ, ಆದರೆ ಕಟ್ಟಡವೊಂದನ್ನು ಅವಳು ಮನಸ್ಸಿನಲ್ಲಿ ಮೊದಲ ಸಲ ಕಟ್ಟಿದ್ದು ಆಗಲೇ.

ಕತ್ತರಿಸಿದ ಮುಖದ ಪ್ರಶ್ನೆಗಳಿಗೆ ನಾವು ಬಂದದ್ದು ಫೆಬ್ರುವರಿಯಲ್ಲಿ, ತಡವಾಗಿ. ಘನವನ್ನು ಕತ್ತರಿಸಿದರೆ ಆರು ಬದಿಯ ಮುಖ ಬರಬಹುದೇ ಎಂದು ಕೇಳಿದೆ. ಸಾಧ್ಯವೇ ಇಲ್ಲ ಎಂದಳು. ಬಟ್ಟೆ ಸೋಪನ್ನು ಘನವಾಗಿ ಕತ್ತರಿಸಿಕೊಂಡೆವು. ಎದುರುಬದುರಾದ ಎರಡು ಮೂಲೆಗಳಿಗೆ ಗುರುತು ಹಾಕಿದೆ. ಹನ್ನೆರಡು ಅಂಚುಗಳಲ್ಲಿ ಆರು ಆ ಮೂಲೆಗಳಿಗೆ ಸೇರುತ್ತವೆ, ಉಳಿದ ಆರು ಅವನ್ನು ಮುಟ್ಟುವುದೇ ಇಲ್ಲ. ಮುಟ್ಟದ ಆ ಆರು ಅಂಚುಗಳ ನಡುಬಿಂದುಗಳಿಗೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಆರೂ ಚುಕ್ಕೆಯ ಮೂಲಕ ಚಾಕು ಹೋಗುವಂತೆ ಕತ್ತರಿಸು ಎಂದೆ. ಕತ್ತರಿಸಿ ಎರಡು ಹೋಳು ಬಿಡಿಸಿದಾಗ ಒಳಗೆ ಜೇನುಗೂಡಿನ ಕಣ್ಣಿನಂಥ ಷಟ್ಕೋನ. ಅದನ್ನು ಎಷ್ಟೋ ಹೊತ್ತು ಕೈಯಲ್ಲಿ ಹಿಡಿದೇ ಇದ್ದಳು. ಮಾರನೆಯ ದಿನ ತಾಯಿಗೆ ತೋರಿಸಲೆಂದು ಮನೆಯಲ್ಲಿ ಇನ್ನೊಂದು ಸೋಪು ಕತ್ತರಿಸಿದಳಂತೆ.

ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಮೊದಲ ದಿನದಂಥದೇ ಹೊಸ ನಲವತ್ತು ಪ್ರಶ್ನೆ ಕೊಟ್ಟೆ. ತಿರುಗಿಸುವುದರಲ್ಲಿ ಎಂಟು, ಮಡಿಸುವುದರಲ್ಲಿ ಒಂಬತ್ತು, ನೋಟಗಳಲ್ಲಿ ಒಂಬತ್ತು, ಕೊನೆಯದರಲ್ಲಿ ಆರು. ಒಟ್ಟು ಮೂವತ್ತೆರಡು, 34 ನಿಮಿಷದಲ್ಲಿ. ಒಬ್ಬಳೇ ವಿದ್ಯಾರ್ಥಿನಿ, ಪ್ರಶ್ನೆ ಆರಿಸಿದವನೂ ನಾನೇ, ಆದ್ದರಿಂದ ಈ ಅಂಕಗಳಿಂದ ದೊಡ್ಡ ತೀರ್ಮಾನಕ್ಕೆ ಹೋಗುವುದಿಲ್ಲ. ತಪ್ಪಾದ ಎಂಟರಲ್ಲಿ ಕನ್ನಡಿ ಒಂದೇ ಒಂದು ಎಂಬುದು ಮಾತ್ರ ನನಗೆ ಬಹಳ ಸಂತೋಷ ಕೊಟ್ಟಿತು.

ಎರಡನೆಯ ಸಲ ಜೆಇಇ ಬರೆದಳು, ನಾಟಾ ಬರೆದಳು. ನಾಟಾದ ಘನರಚನೆಯಲ್ಲಿ ಕಾಗದವನ್ನು ತೋಳಿನ ತಿರುವಿನಂತೆ ಕತ್ತರಿಸಿ, ಎಡದ್ದೂ ಬಲದ್ದೂ ಎದುರುಬದುರು ನಿಲ್ಲಿಸಿ ಕಮಾನು ಮಾಡಿದೆ ಎಂದು ಬಂದು ಹೇಳಿದಳು. ಅಂಕಗಳನ್ನು ಬರೆಯುವುದು ಬೇಡ ಎಂದಿದ್ದಾಳೆ. ಸರ್ಕಾರಿ ಕೋಟಾದಲ್ಲಿ ಸೀಟು ಸಿಕ್ಕಿತು, ಈಗ ಎರಡನೆಯ ವರ್ಷದಲ್ಲಿದ್ದಾಳೆ.

ಕತ್ತರಿಸಿದ ಮುಖದ ಪ್ರಶ್ನೆಗಳಲ್ಲಿ ಅವಳು ಆರರಿಂದ ಮೇಲೆ ಹೋಗಲಿಲ್ಲ. ಸೋಪನ್ನು ಫೆಬ್ರುವರಿಗೆ ಬಿಡದೆ ಅಕ್ಟೋಬರ್‌ನಲ್ಲೇ ಕತ್ತರಿಸಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಈ ವರ್ಷ ಇನ್ನೊಬ್ಬ ಹುಡುಗ ಬಂದಿದ್ದಾನೆ, ಪಕ್ಕದ ಬೀದಿಯವನು. ಅವನಿಗೂ ಅದೇ ಬಗೆಯ ನಲವತ್ತು ಪ್ರಶ್ನೆ ಕೊಟ್ಟೆ, ಬಂದದ್ದು ಇಪ್ಪತ್ತು. ತಪ್ಪುಗಳನ್ನು ರಾತ್ರಿ ಕೂತು ನೋಡಿದರೆ ಕನ್ನಡಿ ಒಂದೂ ಇಲ್ಲ. ಹದಿಮೂರು ಕಡೆ ಮರೆಯಾದ ಅಂಚುಗಳನ್ನೇ ಬಿಟ್ಟಿದ್ದಾನೆ. ತೋಳಿನ ಪಾಠ ಅವನಿಗೆ ಬೇಕಾಗಿಲ್ಲ. ನಾಳೆ ಎರಡು ಬಟ್ಟೆ ಸೋಪು ತರಲು ಹೇಳಿದ್ದೇನೆ.